ಕೀಲಿಮಣೆಯ ಮುಂದೆ: ಬೀಗದ ಕೈ ಯಾರ ಬಳಿ?

ಕಳೆದ ಸೋಮವಾರ ಬೆಳಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಬೆಂಗಳೂರಿನಲ್ಲಿ ಸಂಸಾರ ಹೂಡಿರುವವರಿಗೆ ಇದೇನೂ ಹೊಸ ಸುದ್ದಿಯಲ್ಲ. ಅಷ್ಟನ್ನೇ ಹೇಳುವುದಕ್ಕಾಗಿ ನಾನು ವಾಚಕರ ಈ ಪುಟವನ್ನು ವ್ಯಯಮಾಡುತ್ತಿಲ್ಲ. ನಾವಿರುವುದು ಹದಿನಾರು ಮನೆಗಳ ಒಂದು ಕಟ್ಟಡ. ಕೆಳಗಿನ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರಿಗೆ ಒಂದು ಪುಟ್ಟ ಕೋಣೆ. ಆ ಕೋಣೆಗೊಂದು ಬೀಗ. ಆ ಬೀಗದ ಕೈ ಕೆಳಗಿನ ಮನೆಯ ನಿವೃತ್ತ ಅಂಚೆ ಅಧಿಕಾರಿಗಳೊಬ್ಬರ ಜೇಬಿನಲ್ಲಿ. ಹನ್ನೊಂದು ವರ್ಷಗಳಿಂದ ಅವರು ಬೆಳಗಿನ ಐದು ಗಂಟೆಗೆದ್ದು ಮೋಟಾರು ಹಾಕಿ, ಟ್ಯಾಂಕು ತುಂಬಿದ ಮೇಲೆ ಆರಿಸಿ, ಆಮೇಲೆ ಕಾಫಿ ಕುಡಿಯುತ್ತಿದ್ದರು. ಅಂದು ಅವರು ಕಣ್ಣಿನ ಪೊರೆ ತೆಗೆಸುವುದಕ್ಕಾಗಿ ಮೈಸೂರಿನ ಮಗಳ ಮನೆಗೆ ಹೋಗಿದ್ದರು. ಬೀಗದ ಕೈಯೂ ಅವರ ಜೇಬಿನಲ್ಲಿಯೇ ಮೈಸೂರು ಸೇರಿತ್ತು.

ಹದಿನಾರು ಮನೆಯವರು ಬಕೆಟ್ಟುಗಳನ್ನು ಹಿಡಿದು ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಾಗ ನಮಗೆ ಒಂದು ಸತ್ಯ ತಿಳಿಯಿತು. ಇಷ್ಟು ವರ್ಷ ನೀರು ತಾನಾಗಿಯೇ ಬರುತ್ತಿದೆಯೆಂದು ನಾವೆಲ್ಲರೂ ನಂಬಿಕೊಂಡಿದ್ದೆವು!

ಪ್ರೋಗ್ರಾಮು ಬರೆಯುವುದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡಿರುವ ನನಗೆ ಆ ಬಾಗಿಲಿನ ಮುಂದೆ ನಿಂತಾಗ ನನ್ನ ವೃತ್ತಿಯ ನೆನಪೇ ಬಂದುದು ಆಶ್ಚರ್ಯವಲ್ಲ. ನಮ್ಮ ಲೋಕವೂ ಇಂತಹ ಮೋಟಾರು ಕೋಣೆಗಳ ಮೇಲೆಯೇ ನಿಂತಿದೆ. ಯಾರೋ ಒಬ್ಬರು ಎಲ್ಲೋ ಕುಳಿತು, ಸಂಬಳವಿಲ್ಲದೆ, ಐದು ಗಂಟೆಗೆದ್ದು ಗುಂಡಿ ಒತ್ತುತ್ತಿರುತ್ತಾರೆ. ಉಳಿದವರು ನಲ್ಲಿ ತಿರುಗಿಸುತ್ತಾರೆ.

"ನೀವು ಯಾವ ಉಪಕರಣ ಬಳಸುತ್ತೀರಿ?" ಎಂದು ಕೆಲವು ತರುಣ ವಾಚಕರು ಕೇಳುವುದುಂಟು. ಇಪ್ಪತ್ತು ವರ್ಷಗಳಿಂದ ನಾನು ಬರೆಯುತ್ತಿರುವುದು ವಿಮ್ ಎಂಬ ಪಠ್ಯ ಸಂಪಾದಕದಲ್ಲಿ. ಪಾತ್ರೆ ತಿಕ್ಕುವ ಸಾಬೂನಿಗೂ ಅದೇ ಹೆಸರಿರುವುದರಿಂದ, ಮದುವೆಯಾದ ಹೊಸತರಲ್ಲಿ ನಾನು ದೂರವಾಣಿಯಲ್ಲಿ ಸ್ನೇಹಿತರೊಡನೆ, "ವಿಮ್ ಇಲ್ಲದೆ ನನಗೆ ಒಂದು ದಿನವೂ ನಡೆಯುವುದಿಲ್ಲ" ಎಂದುದನ್ನು ಕೇಳಿ ನಮ್ಮ ಮನೆಯಾಕೆ ಬಹಳ ಸಂತೋಷಪಟ್ಟಿದ್ದಳು. ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲವೆಂಬುದು ಬೇರೆ ಮಾತು.

ಈ ವಿಮ್ಮಿನ ಮೂಲಪುರುಷ ವೀಐ. ಅದನ್ನು 1976ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಬರೆದರು. ಅದನ್ನು ಹಿಗ್ಗಿಸಿ, ತಿದ್ದಿ, 1991ರಲ್ಲಿ ವಿಮ್ ಎಂದು ಲೋಕಕ್ಕೆ ಕೊಟ್ಟವರು ಹಾಲೆಂಡಿನ ಬ್ರಾಮ್ ಮೂಲೆನಾರ್. ಹಣ ಕೇಳಲಿಲ್ಲ. ಬರಿಯ ವಿಮ್ಮನ್ನು ತೆರೆದರೆ ಉಗಾಂಡ ದೇಶದ ಬಡಮಕ್ಕಳಿಗೆ ನೆರವಾಗಿರೆಂಬ ಅರ್ಥದ ಒಂದು ಸಾಲು ಕಾಣುತ್ತಿತ್ತು. ಅವರು ತಾವೇ ಅಲ್ಲಿಗೆ ಹೋಗಿ ದುಡಿದು ಬಂದವರು. 2023ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಜೊತೆಯಲ್ಲಿ ದುಡಿದವರು ಕೆಲಸವನ್ನು ಕೈಗೆತ್ತಿಕೊಂಡು, 2024ರ ಜನವರಿಯಲ್ಲಿ 9.1ನೆಯ ಆವೃತ್ತಿಯನ್ನು ಹೊರತಂದು ಅವರ ನೆನಪಿಗೆ ಅರ್ಪಿಸಿದರು. ನನ್ನ ಮೇಜಿನ ಮೇಲಿನ ನಲ್ಲಿ ಒಂದು ದಿನವೂ ಒಣಗಲಿಲ್ಲ.

ವಿಮ್ಮನ್ನು ಎಲ್ಲರೂ ಬಳಸಬೇಕೆಂದು ನಾನು ಹೇಳುವುದಿಲ್ಲ. ಅದರೊಳಗೆ ಹೋದವರಿಗೆ ಹೊರಬರುವ ದಾರಿ ತಿಳಿಯುವುದಿಲ್ಲವೆಂಬ ಅಪಖ್ಯಾತಿ ಅದಕ್ಕಿದೆ. ಪ್ರೋಗ್ರಾಮು ಬರೆಯುವವರು ಸಂದೇಹ ಕೇಳಿಕೊಳ್ಳುವ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣದವರು, ಈ ಒಂದು ಪ್ರಶ್ನೆಯನ್ನು ಹತ್ತು ಲಕ್ಷ ಸಾರಿ ಜನ ಬಂದು ನೋಡಿದ್ದಾರೆಂದು 2017ರಲ್ಲಿ ಸಾರಿದರು. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗೆ ಇಷ್ಟು ಸಂಗಡಿಗರಿದ್ದಾರೆಂದು ತಿಳಿದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ!

ಎರಡನೆಯ ಉಪಕರಣ ಗಿಟ್. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂಬ ಲೆಕ್ಕವನ್ನು ಇಡುವ ಶ್ಯಾನುಭೋಗ ಅದು. ಲಿನಕ್ಸಿನ ಕೆಲಸಕ್ಕೆ ಬಳಸುತ್ತಿದ್ದ ಬೇರೊಂದು ಸಾಧನದ ಉಚಿತ ಸೌಲಭ್ಯ ತಪ್ಪಿಹೋದುದರಿಂದ ಲೀನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಇದನ್ನು ಬರೆಯಲಾರಂಭಿಸಿದರು. ಅವರು ಬರೆದುದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು ಅವರು ಬಿಟ್ಟುಕೊಟ್ಟುದು. ಅದೇ ವರ್ಷದ ಜುಲೈಯಲ್ಲಿ ಜೂನಿಯೋ ಹಮಾನೊ ಎಂಬ ಯೋಗ್ಯರ ಕೈಗೆ ಗಿಟ್ಟನ್ನು ಒಪ್ಪಿಸಿದರು. ಆ ಮಹನೀಯರು ಎರಡು ದಶಕಗಳ ಕಾಲ ಅದನ್ನು ಕಾದುಕೊಂಡು ಬಂದಿದ್ದಾರೆ. ಹಸ್ತಾಂತರವೂ ಒಂದು ವಿದ್ಯೆ. ಅದನ್ನು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ.

ಎಲ್ಲ ಕಥೆಗಳೂ ಹೀಗೆ ಮಂಗಳದಲ್ಲಿ ಮುಗಿಯುವುದಿಲ್ಲ. 2014ರ ಏಪ್ರಿಲಿನಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ಸಾಧನದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ಬಿರುಕು ಹೊರಬಿತ್ತು. ಜಗತ್ತಿನ ಬ್ಯಾಂಕುಗಳೂ ಅಂಗಡಿಗಳೂ ತಮ್ಮ ಗುಟ್ಟುಗಳನ್ನು ಅದರ ಪೆಟ್ಟಿಗೆಯಲ್ಲಿಟ್ಟು ಸಾಗಿಸುತ್ತಿದ್ದುವು. ಅದನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಗೆ ಬರುತ್ತಿದ್ದ ದಾನದ ಹಣವೆಷ್ಟು? ವರ್ಷಕ್ಕೆ ಸುಮಾರು 2,000 ಡಾಲರು! 2016ರ ಮಾರ್ಚಿಯಲ್ಲಿ ಮತ್ತೊಂದು ವಿನೋದ. ಸಾಲಿನ ಎಡಗಡೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲುಗಳ ಒಂದು ಪುಟ್ಟ ಪ್ರೋಗ್ರಾಮನ್ನು, ಹೆಸರಿನ ಜಗಳದಲ್ಲಿ ಬೇಸತ್ತ ಅದರ ಕರ್ತೃ ಹಿಂದಕ್ಕೆ ತೆಗೆದುಕೊಂಡರು. ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ದೊಡ್ಡ ಪ್ರೋಗ್ರಾಮುಗಳ ಕಟ್ಟಡ ಕೆಲಸ ಒಮ್ಮೆಲೇ ನಿಂತಿತು. ಸುಮಾರು ಎರಡು ಗಂಟೆಗಳಲ್ಲಿ ಅದನ್ನು ಮರಳಿ ಇರಿಸಲಾಯಿತೆನ್ನಿ. ಆದರೂ ಒಗ್ಗರಣೆಗೆ ಸಾಸಿವೆಯಿಲ್ಲವೆಂದು ಮದುವೆಯ ಅಡುಗೆಯೇ ನಿಂತ ಹಾಗಾಯಿತು.

ಇವೆರಡೂ ಅಜಾಗರೂಕತೆಯ ಕಥೆಗಳು. ಮೂರನೆಯದು ಮೋಸದ ಕಥೆ. ಅದನ್ನು ನೆನೆದರೆ ನನಗೆ ಈಗಲೂ ಬೆವರುತ್ತದೆ.

ಎಕ್ಸ್‌ಝಡ್ ಎಂಬುದೊಂದು ಗಂಟು ಕಟ್ಟುವ ಸಾಧನ. ಹತ್ತು ಸೀರೆಗಳನ್ನು ಒತ್ತಿ ಮಡಿಸಿ ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸುವಂತೆ ದೊಡ್ಡ ಕಡತಗಳನ್ನು ಅದು ಕುಗ್ಗಿಸುತ್ತದೆ. ಲಿನಕ್ಸ್ ನಡೆಯುವ ಯಂತ್ರಗಳಲ್ಲೆಲ್ಲ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ. ಅದನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್. 2021ರಿಂದ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಅಪರಿಚಿತ ವ್ಯಕ್ತಿ ಆಗಾಗ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸಿ ನೆರವಾಗತೊಡಗಿದನು. 2022ರಲ್ಲಿ ಬೇರೆ ಕೆಲವು ಅಪರಿಚಿತ ಹೆಸರುಗಳು, "ಕೆಲಸ ನಿಧಾನವಾಯಿತು, ಮತ್ತೊಬ್ಬರಿಗೆ ವಹಿಸಿಕೊಡಿ" ಎಂದು ಪೀಡಿಸಲಾರಂಭಿಸಿದುವು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ, ಇದು ತಾವು ಸಂಬಳವಿಲ್ಲದೆ ಮಾಡುವ ಹವ್ಯಾಸವೆಂದೂ ಕೊಲಿನ್ ಆಗ ಬರೆದುಕೊಂಡರು. ದಣಿದ ಕೈಗೆ ನೆರವಿನ ಕೈ ಸಿಕ್ಕಿತು. ಕ್ರಮೇಣ ಬೀಗದ ಕೈ ಜಿಯಾ ಟಾನನಿಗೂ ದೊರೆಯಿತು.

2024ರ ಫೆಬ್ರುವರಿಯಲ್ಲಿ ಹೊರಬಂದ 5.6.0 ಆವೃತ್ತಿಯೊಳಗೆ ಒಂದು ಕಳ್ಳಬಾಗಿಲಿತ್ತು. ಅದರ ಮುಖ್ಯ ಭಾಗವನ್ನು ಪರೀಕ್ಷೆಗೆಂದು ಇಟ್ಟ ಮಾದರಿ ಕಡತಗಳೊಳಗೆ ಬಚ್ಚಿಟ್ಟಿದ್ದರು. ಅದನ್ನು ಎಬ್ಬಿಸುವ ಮಂತ್ರವನ್ನು ಎಲ್ಲರೂ ನೋಡುವ ಬಹಿರಂಗ ಪುಸ್ತಕದಲ್ಲಿ ಬರೆಯದೆ, ಹಂಚುವ ಗಂಟಿನಲ್ಲಿ ಮಾತ್ರ ಸೇರಿಸಿದ್ದರು. ದೂರದಿಂದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ಹೆಬ್ಬಾಗಿಲನ್ನು, ಗುಟ್ಟಿನ ಕೀಲಿಯುಳ್ಳವನೊಬ್ಬನು ಸದ್ದಿಲ್ಲದೆ ತೆರೆಯಬಹುದಾಗಿತ್ತು.

ಇದನ್ನು ಹಿಡಿದವರು ಪೊಲೀಸರಲ್ಲ, ಪಂಡಿತ ಮಂಡಳಿಯೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮುಗಾರರು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಭಂಡಾರದ ವೇಗವನ್ನು ಅಳೆಯುತ್ತಿದ್ದರು. ಆಗ 0.3 ಸೆಕೆಂಡಿನಲ್ಲಿ ಮುಗಿಯಬೇಕಾದ ಪ್ರವೇಶಕ್ಕೆ 0.8 ಸೆಕೆಂಡು ಹಿಡಿಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡು! ನಮ್ಮಲ್ಲಿ ಬಸ್ಸು ಅರ್ಧ ಗಂಟೆ ತಡವಾದರೂ "ಬಂತಲ್ಲ" ಎಂದು ಹತ್ತಿ ಕೂರುತ್ತೇವೆ. ಅವರು ಆ ಅರ್ಧ ಸೆಕೆಂಡಿನ ಬೆನ್ನುಹತ್ತಿ, ಮಾರ್ಚಿ 29ರಂದು ಕಳ್ಳಬಾಗಿಲನ್ನು ಲೋಕಕ್ಕೆ ತೋರಿಸಿದರು. ಅಷ್ಟರಲ್ಲಿ ಅದು ಡೆಬಿಯನ್, ಫೆಡೋರ ಮೊದಲಾದುವುಗಳ ಪರೀಕ್ಷಾ ಆವೃತ್ತಿಗಳನ್ನಷ್ಟೆ ಹೊಕ್ಕಿತ್ತು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಜಗತ್ತಿನ ಎಣಿಕೆಯಿಲ್ಲದ ಯಂತ್ರಗಳ ಒಳಮನೆಯನ್ನು ಸೇರಿರುತ್ತಿತ್ತು. ಜಿಯಾ ಟಾನ್ ಎಂಬ ಹೆಸರು ಅಂದೇ ಮೌನವಾಯಿತು.

ಇಷ್ಟೆಲ್ಲ ಪುರಾಣವನ್ನು ಏಕೆ ಹೇಳಿದೆನೆಂದರೆ, ಈ ಬಾರಿ ಮೋಟಾರು ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿಯೂ ಒಂದಿತ್ತು.

ಹಳೆಯ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುವಾಗ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಇರಿಸುತ್ತಿದ್ದರು. ಆ ಅಕ್ಷರಶೈಲಿ ಯಂತ್ರದಲ್ಲಿ ಇದ್ದರೆ ಕನ್ನಡ. ಇಲ್ಲದಿದ್ದರೆ ಯಾವ ಭಾಷೆಯೂ ಅಲ್ಲದ ಗೀಚು. ಯೂನಿಕೋಡ್ ಎಂಬ ವ್ಯವಸ್ಥೆ 1991ರ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯನ್ನು ಕೊಟ್ಟಿತು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಆದರೆ ನಮ್ಮ ಯಂತ್ರಗಳು ಆ ಮನೆಗೆ ಒಕ್ಕಲು ಹೋಗುವುದಕ್ಕೆ ಬಹಳ ಕಾಲ ಹಿಡಿಯಿತು. ನಡುವಿನ ವರ್ಷಗಳಲ್ಲಿ ಬರೆದುದೆಲ್ಲ ಬಾಡಿಗೆ ಮನೆಯಲ್ಲಿಯೇ ಉಳಿಯಿತು. ನಮ್ಮ ತಂದೆಯವರ ಪ್ರವಾಸದ ಟಿಪ್ಪಣಿಗಳನ್ನು ಓದಲಾಗದೆ ಹೋದಾಗ, 2011ರಲ್ಲಿ, ಹಳೆಯ ಬರಹವನ್ನು ಹೊಸದಕ್ಕೆ ತರುವ ಒಂದು ಪುಟ್ಟ ಪ್ರೋಗ್ರಾಮನ್ನು ಬರೆದು, ಬೇಕಾದವರು ಬಳಸಲೆಂದು ಬಹಿರಂಗವಾಗಿ ಇಟ್ಟೆ. ಆಮೇಲೆ ಕೆಲಸ, ಸಂಸಾರ, ಮಗಳ ಪರೀಕ್ಷೆ. ಅದನ್ನು ತೆರೆದು ನೋಡಿದ್ದೇ ಅಪರೂಪ.

ಏಳು ವಾರಗಳ ಹಿಂದೆ ತೀರ್ಥಹಳ್ಳಿಯ ನಿವೃತ್ತ ಉಪಾಧ್ಯಾಯಿನಿಯೊಬ್ಬರ ಕಾಗದ ಬಂದಿತು. ಅವರ ಪತಿ ಮಲೆನಾಡಿನ ಗಿಡಮರಗಳ ಹೆಸರುಗಳನ್ನು ಊರೂರು ಸುತ್ತಿ ಸಂಗ್ರಹಿಸಿದ್ದರು. 412 ಪುಟಗಳು, ಎಲ್ಲವೂ ಹಳೆಯ ಅಕ್ಷರದಲ್ಲಿ. "ನನ್ನ ಯಜಮಾನರು ಈಗ ಇಲ್ಲ. ತಮ್ಮ ಪ್ರೋಗ್ರಾಮಿನಿಂದ ಬಹುಪಾಲು ಸರಿಯಾಗಿ ಬಂದಿದೆ. ಆದರೆ ಕರ್ಪೂರವು 'ಕಪೂರ್ರ'ವಾಗಿದೆ, ದರ್ಭೆಯು 'ದಭೆರ್' ಆಗಿದೆ, ಅರ್ಜುನವು 'ಅಜುರ್ನ'ವಾಗಿದೆ. ಅವರು ಒಂದು ಕಾಗುಣಿತವನ್ನೂ ತಪ್ಪಿದವರಲ್ಲ" ಎಂದು ಬರೆದಿದ್ದರು.

ತಪ್ಪು ಅವರದಲ್ಲ, ನನ್ನದು. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅಕ್ಷರಕ್ಕೆ ಮೊದಲು. ಹಳೆಯ ಅಕ್ಷರಶೈಲಿ ಬರೆಯುವ ಕ್ರಮವನ್ನು ಹಿಡಿದರೆ ಯೂನಿಕೋಡ್ ಉಚ್ಚರಿಸುವ ಕ್ರಮವನ್ನು ಹಿಡಿಯುತ್ತದೆ. ಆದುದರಿಂದ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ಅಕ್ಷರಕ್ಕೆ ಕಾಗುಣಿತದ ಚಿಹ್ನೆಯೋ ಒತ್ತೋ ಸೇರಿದ್ದಾಗ ನನ್ನ ಪ್ರೋಗ್ರಾಮು ಅದನ್ನು ಎತ್ತಲಾರದೆ ಇದ್ದಲ್ಲಿಯೇ ಬಿಡುತ್ತಿತ್ತು.

ನಮ್ಮ ಸೋದರಮಾವನವರು ಸಂಗತಿಯನ್ನು ಕೇಳಿ, "ಈಗ ಯಂತ್ರವೇ ಪ್ರೋಗ್ರಾಮು ಬರೆಯುತ್ತದಂತಲ್ಲಯ್ಯ! ಅದರ ತಲೆಗೆ ಕಟ್ಟು" ಎಂದರು. ಕಟ್ಟಿಯೂ ನೋಡಿದೆ. ಅದು ಎರಡು ನಿಮಿಷದಲ್ಲಿ, ಬಹು ವಿನಯದಿಂದ, ಉತ್ತರ ಬರೆದುಕೊಟ್ಟಿತು. ಕರ್ಪೂರ ಸರಿಯಾಯಿತು, ಅಷ್ಟು ದಿನ ಸರಿಯಾಗಿದ್ದ ಸೂರ್ಯಕಾಂತಿ ಕೆಟ್ಟಿತು! ಈ ಯಂತ್ರಗಳನ್ನು ನಾನು ಹಳಿಯುವವನಲ್ಲ. ದಿನವೂ ಬಳಸುತ್ತೇನೆ, ಬಹಳ ಬೇಸರದ ಕೆಲಸ ಹಗುರವಾಗಿದೆ. ಆದರೆ ಬರೆಯುವುದು ಸುಲಭವಾದಷ್ಟೂ ಪರಿಶೀಲಿಸುವವರ ಹೊರೆ ಹೆಚ್ಚುತ್ತದೆ. ಕರ್ಲ್ ಎಂಬ ಸಾಧನವನ್ನು ಕಾಯುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಯಂತ್ರ ಹೊಸೆದ ಸುಳ್ಳು ದೋಷವರದಿಗಳನ್ನು ಓದಿ ಓದಿ ತಮ್ಮ ಸಮಯ ಹಾಳಾಗುತ್ತಿದೆಯೆಂದು 2024ರ ಜನವರಿಯಲ್ಲಿಯೇ ದೂರಿದ್ದರು. ಯಂತ್ರವು ಮೋಟಾರನ್ನು ಕಟ್ಟಿಕೊಟ್ಟೀತು; ಐದು ಗಂಟೆಗೆದ್ದು ಟ್ಯಾಂಕು ತುಂಬಿತೇ ಎಂದು ಇಣುಕಿ ನೋಡುವವರು ಬೇಕಲ್ಲ?

ಇಂತಹ ಸಮಯದಲ್ಲಿ ಹುಬ್ಬಳ್ಳಿಯಿಂದೆಂದು ಹೇಳಿಕೊಂಡು ಒಬ್ಬ ಅಪರಿಚಿತ ತರುಣನ ಪತ್ರ ಬಂದಿತು. "ಸರ್, ತಮ್ಮ ಪ್ರೋಗ್ರಾಮು ನಿಂತು ವರ್ಷಗಳಾದುವು. ತಮಗೆ ಬಿಡುವಿಲ್ಲವೆಂದು ಕಾಣುತ್ತದೆ. ಒಪ್ಪಿಸಿದರೆ ನಾನು ನೋಡಿಕೊಳ್ಳುತ್ತೇನೆ."

ಮೊದಲು ನನಗಾದುದು ಸಂತೋಷ; ಅದರ ಹಿಂದೆಯೇ ಭಯ. ಜಿಯಾ ಟಾನನ ಪತ್ರಗಳೂ ಇಷ್ಟೇ ಸಭ್ಯವಾಗಿದ್ದುವಲ್ಲವೆ? ನನ್ನ ಪ್ರೋಗ್ರಾಮು ಎಕ್ಸ್‌ಝಡ್ಡಿನಷ್ಟು ದೊಡ್ಡದಲ್ಲ, ನಿಜ. ಆದರೆ ಅದನ್ನು ಬಳಸುವವರು ತಮ್ಮ ಮನೆಯ ಪತ್ರಗಳನ್ನೂ, ತೀರಿಹೋದವರ ಬರಹಗಳನ್ನೂ ಅದರ ಬಾಯಿಗೆ ಕೊಡುತ್ತಾರೆ. ಮೂರು ದಿನ ಉತ್ತರಿಸಲಿಲ್ಲ. ನಾಲ್ಕನೆಯ ದಿನ ಮನೆಯಾಕೆ ಕೇಳಿದಳು:

"ಏನೂಂದ್ರೆ, ಆ ಹುಡುಗ ಕಳ್ಳನೇ ಅಂತ ನಿಮಗೆ ಗೊತ್ತೋ?"

"ಇಲ್ಲ."

"ಒಳ್ಳೆಯವನೂಂತ ಗೊತ್ತೋ?"

"ಅದೂ ಇಲ್ಲ."

"ಹಾಗಾದರೆ ಹೊಸ ಅಡುಗೆಯವರನ್ನು ಗೊತ್ತುಮಾಡುವಾಗ ನಾನು ಏನು ಮಾಡ್ತೀನೋ ಅದನ್ನೇ ಮಾಡಿ. ಮೊದಲನೆಯ ದಿನವೇ ಉಗ್ರಾಣದ ಬೀಗದ ಕೈ ಕೊಡಬೇಡಿ. ಒಂದು ಸಾರು ಮಾಡಿಸಿ ನೋಡಿ."

ಹಾಗೆಯೇ ಬರೆದೆ. ಅರ್ಕಾವತ್ತಿನ ತಪ್ಪನ್ನು ತಿದ್ದಿ, ಪ್ರತಿಯೊಂದು ಸಾಲೂ ಏಕೆ ಬೇಕೆಂದು ವಿವರಿಸಿ, ಎಲ್ಲರ ಕಣ್ಣಿಗೆ ಕಾಣುವಂತೆ ಬಹಿರಂಗವಾಗಿ ಕಳುಹಿಸಬೇಕೆಂದೂ, ಬೀಗದ ಕೈಯ ಮಾತು ಆಮೇಲೆಂದೂ ತಿಳಿಸಿದೆ. ಎರಡು ವಾರ ಸುದ್ದಿಯಿಲ್ಲ. ಅನುಮಾನ ನಿಜವಾಯಿತೆಂದುಕೊಂಡೆ. ಆಮೇಲೆ ಒಂದು ರಾತ್ರಿ ತಿದ್ದುಪಡಿ ಬಂದಿತು. ಜೊತೆಗೆ ಪರೀಕ್ಷೆಗಾಗಿ ನಲವತ್ತು ಪದಗಳು, ಪ್ರತಿಯೊಂದಕ್ಕೂ ಒಂದೊಂದು ಸಾಲಿನ ಕಾರಣ. ಕೊನೆಯಲ್ಲಿ ಹೀಗೆ ಬರೆದಿದ್ದ: "ಕಾಲೇಜಿನ ಪರೀಕ್ಷೆಯಿದ್ದುದರಿಂದ ತಡವಾಯಿತು, ಸರ್. ನಮ್ಮ ಅಜ್ಜಿಯ ಹಾಡುಗಳನ್ನು ಅಪ್ಪ ಇದೇ ಅಕ್ಷರದಲ್ಲಿ ಬರೆಸಿಟ್ಟಿದ್ದಾರೆ, ಅದಕ್ಕಾಗಿ ಕೇಳಿದೆ. ತಾವು ಅನುಮಾನಿಸಿದ್ದು ಸರಿ. ಎಕ್ಸ್‌ಝಡ್ ಸಂಗತಿಯನ್ನು ನಾನೂ ಓದಿದ್ದೇನೆ. ನನ್ನೊಬ್ಬನ ಕೈಗೇ ಬೀಗದ ಕೈ ಕೊಡಬೇಡಿ."

ಆ ಕೊನೆಯ ಮಾತು ನನ್ನನ್ನು ನಾಚಿಸಿತು. ಒಂದು ದಾರಿಯನ್ನೂ ತೋರಿಸಿತು. ಬ್ಯಾಂಕಿನ ಲಾಕರಿಗೆ ಎರಡು ಕೀಲಿಗಳಿರುತ್ತವೆಯಷ್ಟೆ: ಒಂದು ನಮ್ಮದು, ಒಂದು ಬ್ಯಾಂಕಿನದು. ಈಗ ನಮ್ಮ ಪುಟ್ಟ ಪ್ರೋಗ್ರಾಮಿಗೂ ಅದೇ ಏರ್ಪಾಡು. ಅವನು ಬರೆದುದನ್ನು ನಾನು ಓದದೆ, ನಾನು ಬರೆದುದನ್ನು ಅವನು ಓದದೆ, ಯಾವುದೂ ಹೊರಗೆ ಹೋಗತಕ್ಕದ್ದಲ್ಲ. ಹೊರಗೆ ಹಂಚುವ ಗಂಟು ಬಹಿರಂಗ ಪುಸ್ತಕದಲ್ಲಿರುವುದಕ್ಕೆ ಅಕ್ಷರಶಃ ಒಂದೇ ಆಗಿರಬೇಕು. ನಂಬಿಕೆಯೂ ಉಳಿಯಿತು, ಕಣ್ಣೂ ತೆರೆದಿತ್ತು.

ತೀರ್ಥಹಳ್ಳಿಯ ಆ ತಾಯಿ ಹೊಸ ಪ್ರತಿಯನ್ನು ಮೊದಲಿನಿಂದ ಕಡೆಯವರೆಗೆ ಓದಿ, ಇನ್ನೂ ತಪ್ಪಿರುವ ಮೂವತ್ತೇಳು ಪದಗಳನ್ನು ದುಂಡಗಿನ ಕೈಬರಹದಲ್ಲಿ ಪಟ್ಟಿಮಾಡಿ ಕಳುಹಿಸಿದರು. ಅವುಗಳಲ್ಲಿ ಮೂವತ್ತೈದು ನಮ್ಮ ತಪ್ಪು. ಉಳಿದ ಎರಡರ ಪಕ್ಕದಲ್ಲಿ ಅವರೇ ಬರೆದಿದ್ದರು: "ಇವು ಯಜಮಾನರವೇ ಇರಬಹುದು. ಹಾಗೆಯೇ ಇರಲಿ." ಇಂತಹ ಪರಿಶೀಲಕರು ಯಾವ ದೊಡ್ಡ ಕಂಪೆನಿಗೆ ಸಿಕ್ಕಾರು? ಅವರನ್ನು ಮೂರನೆಯವರಾಗಿ ಸೇರಿಸಿಕೊಂಡಿದ್ದೇವೆ.

ನಮ್ಮ ಅಂಚೆ ಅಧಿಕಾರಿಗಳು ಮೊನ್ನೆ ಕಪ್ಪು ಕನ್ನಡಕ ಹಾಕಿಕೊಂಡು ಮೈಸೂರಿನಿಂದ ಹಿಂದಿರುಗಿದರು. ಹದಿನಾರು ಮನೆಯವರೂ ಕೂಡಿ ಅವರಿಗೊಂದು ಶಾಲು ಹೊದಿಸಿದೆವು. ಹನ್ನೊಂದು ವರ್ಷ ತಡವಾಗಿ. ಅವರು ಶಾಲನ್ನು ಮಡಿಸಿಡುತ್ತ, "ಇದರ ಬದಲು ಒಂದು ದಿನ ಯಾರಾದರೂ ಮೋಟಾರು ಹಾಕಿದ್ದಿದ್ದರೆ ಸೊಗಸಾಗಿತ್ತು" ಎಂದರು. ಯಾರೂ ಮಾತನಾಡಲಿಲ್ಲ. ಮರುದಿನವೇ ಬೀಗದ ಕೈಗೆ ಮೂರು ನಕಲು ಮಾಡಿಸಿ, ಸರದಿಯ ಪಟ್ಟಿಯೊಂದನ್ನು ಮೆಟ್ಟಿಲಿನ ಗೋಡೆಗೆ ಅಂಟಿಸಿದೆವು. ಪಟ್ಟಿ ಬರೆದವಳು ನಮ್ಮ ಮನೆಯಾಕೆಯಾದುದರಿಂದ ಮೊದಲನೆಯ ಹೆಸರು ಯಾರದೆಂದು ವಾಚಕರಿಗೆ ಹೇಳಬೇಕಾದುದಿಲ್ಲ.

ನಾಳೆ ಬೆಳಗ್ಗೆ ಐದಕ್ಕೆ ಏಳಬೇಕು. ಈ ವಾರಕ್ಕೆ ಇಷ್ಟು ಸಾಕು.